ಎಟಿವಿ ತಗೊಂಡ ಮೇಲೆ ಟ್ರೇಲರ್ ಹುಡುಕಾಟ

ಸಕಲೇಶಪುರ, ಚಿಕ್ಕಮಗಳೂರು ಕಡೆಯ ರೆಸಾರ್ಟ್‌ಗಳಿಗೆ ಹೋದವರು ಎಟಿವಿ ನೋಡಿರುತ್ತೀರಿ. ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲ್, ಕೆಸರು ಮರಳು ಯಾವುದಕ್ಕೂ ಜಗ್ಗದ ಗಾಡಿ. ಅಲ್ಲಿ ದುಡ್ಡು ಕೊಟ್ಟು ಎರಡು ಸುತ್ತು ಹೊಡೆದು ಇಳಿದುಬಿಡುತ್ತೇವೆ. ಇಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಜನ ಅದನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಬೇಟೆಗೆ, ಮನೆ ಮುಂದಿನ ಹಿಮ ತಳ್ಳುವುದಕ್ಕೆ, ಸುಮ್ನೆ ಕಾಡು ಸುತ್ತುವುದಕ್ಕೆ. ಡೆಟ್ರಾಯ್ಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಬಹಳ ಇದ್ದೇವೆ. ದಿನವಿಡೀ ಗಾಡಿಗಳ ಜೊತೆಗೇ ಇರುವವರಿಗೆ ಇನ್ನೊಂದು ಗಾಡಿಯ ಹುಚ್ಚು ಹತ್ತೋದು ಕಷ್ಟವೇನಲ್ಲ. ನಾವೂ ಸೆಕೆಂಡ್ ಹ್ಯಾಂಡ್ ಒಂದನ್ನು ತಗೊಂಡೆವು.

ಆದರೆ ಎಟಿವಿಯನ್ನು ಹೈವೇಯಲ್ಲಿ ಓಡಿಸುವಂತಿಲ್ಲ. ಓಡಿಸಲು ಒಳ್ಳೆಯ ಜಾಗ ಅಂದರೆ ಮಿಷಿಗನ್ ಸರೋವರದ ದಡದ ಸಿಲ್ವರ್ ಲೇಕ್ ಮರಳುದಿಣ್ಣೆಗಳು. ನಮ್ಮ ಮನೆಯಿಂದ ಐ-96 ಹೈವೇ ಹಿಡಿದು ಮಸ್ಕೀಗನ್ ಊರು, ಅಲ್ಲಿಂದ ಉತ್ತರಕ್ಕೆ. ಮೂರೂವರೆ ಗಂಟೆ ದಾರಿ. ಅಷ್ಟು ದೂರ ಎಟಿವಿಯನ್ನು ಎಳೆದುಕೊಂಡು ಹೋಗಬೇಕು. ಪಿಕಪ್ ಟ್ರಕ್ ಇದ್ದವರು ಹಿಂದೆ ಹತ್ತಿಸಿಕೊಂಡು ಹೊರಟುಬಿಡುತ್ತಾರೆ. ನಮ್ಮದು ಮಕ್ಕಳ ಸೀಟು, ಚಿಪ್ಸ್ ಪುಡಿ ತುಂಬಿದ ಸಿಯೆನ್ನಾ ಮಿನಿವ್ಯಾನ್.

ಟ್ರೇಲರ್ ಅಂಗಡಿಯ ಮುದುಕ ನಮಗೆ ಟ್ರೇಲರ್ ತೋರಿಸುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಎಳೆಯೋ ಗಾಡಿ ಯಾವುದು?" ಅವನ ಲೆಕ್ಕ ಸರಿಯಾಗಿತ್ತು. ಎಟಿವಿ ತೂಕ ಸುಮಾರು 750 ಪೌಂಡ್, ಅಂದರೆ 340 ಕೆಜಿ. ಐದು ಅಡಿ ಅಗಲ ಎಂಟು ಅಡಿ ಉದ್ದದ ಕಬ್ಬಿಣದ ಟ್ರೇಲರ್ ಖಾಲಿ ಇದ್ದಾಗಲೇ 600 ಪೌಂಡ್ ಆಸುಪಾಸು. ಪೆಟ್ರೋಲ್ ಕ್ಯಾನ್, ಹೆಲ್ಮೆಟ್, ಟೂಲ್ ಬಾಕ್ಸ್, ಐಸ್ ಪೆಟ್ಟಿಗೆ ಸೇರಿದರೆ 1,500 ಪೌಂಡ್ ಮುಟ್ಟುತ್ತದೆ. ನಮ್ಮ ಸಿಯೆನ್ನಾ 2021ಕ್ಕೂ ಮುಂಚಿನದು, 3,500 ಪೌಂಡ್ ಎಳೆಯಬಲ್ಲದು, ಹಾಗಾಗಿ ನಾವು ನೆಮ್ಮದಿ. ಇಲ್ಲಿ ನಮ್ಮ ಜನ ಇಷ್ಟಪಡುವ ಸಣ್ಣ ಎಸ್‌ಯುವಿಗಳಲ್ಲಿ ಕೆಲವಕ್ಕೆ 1,500 ಪೌಂಡೇ ಮಿತಿ. ಅಂಥ ಗಾಡಿ ಇದ್ದವರು ಹಗುರವಾದ ಅಲ್ಯೂಮಿನಿಯಂ ಟ್ರೇಲರನ್ನೇ ನೋಡಬೇಕು. ಕಾರೊಳಗೆ ಕೂತವರ ಭಾರವೂ ಲೆಕ್ಕಕ್ಕೆ ಬರುತ್ತದೆ, ಅದನ್ನು ಯಾರೂ ನೆನಪಿಡುವುದಿಲ್ಲ.

ಅಳತೆ ತಲೆನೋವಲ್ಲ. ಎಟಿವಿ ಸುಮಾರು ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ. ನಾಲ್ಕು ಅಡಿ ಅಗಲದ ಟ್ರೇಲರ್ ಅಗ್ಗ, ಆದರೆ ಚಕ್ರಗಳು ಅಂಚಿಗೇ ಬಂದು ನಿಲ್ಲುತ್ತವೆ. ಐದು ಅಡಿ ಇದ್ದರೆ ಹಗ್ಗ ಬಿಗಿಯುವಾಗ ಪಕ್ಕದಲ್ಲಿ ಕಾಲಿಡೋಕೆ ಜಾಗ ಸಿಗುತ್ತದೆ.

ಎಲ್ಲರೂ ಮೇಲಿನ ಹಲಗೆ, ಪೇಂಟ್, ಎಟಿವಿ ಹತ್ತಿಸುವ ರ‍್ಯಾಂಪ್ ನೋಡಿ ಬೆಲೆ ಮಾತಾಡುತ್ತಾರೆ. ನನ್ನ ಪ್ರಕಾರ ಮೊದಲು ಬಗ್ಗಿ ಚಕ್ರ ನೋಡಬೇಕು. ತೀರಾ ಅಗ್ಗದ ಟ್ರೇಲರ್‌ಗಳಿಗೆ ಎಂಟು ಇಂಚಿನ ರಿಮ್ ಇರುತ್ತದೆ. ಟೈರ್ ಸೇರಿ ಎತ್ತರ 16 ಇಂಚು ಅಷ್ಟೆ. 13 ಇಂಚಿನ ರಿಮ್ ಇರುವ ಚಕ್ರದ ಎತ್ತರ ಹತ್ತಿರ ಹತ್ತಿರ 24 ಇಂಚು. ಅಂದರೆ ಅದೇ ವೇಗಕ್ಕೆ ಪುಟ್ಟ ಚಕ್ರ ದೊಡ್ಡದರ ಒಂದೂವರೆ ಪಟ್ಟು ತಿರುಗಬೇಕು. ಬೇರಿಂಗ್ ಬಿಸಿಯಾಗುತ್ತದೆ, ಗ್ರೀಸ್ ಕರಗುತ್ತದೆ. ಊರೊಳಗೆ ಗೊಬ್ಬರ ತರೋಕೆ ಆ ಚಕ್ರ ಸಾಕು. ಹೈವೇಯಲ್ಲಿ ಮೂರು ಗಂಟೆ ಓಡೋಕೆ ಬೇಡ. ಟ್ರೇಲರ್ ಟೈರ್ ಮೇಲೆ ಎಸ್‌ಟಿ ಅಂತ ಬರೆದಿರುತ್ತದೆ, ಕಾರಿನ ಟೈರ್ ಅಲ್ಲ ಅದು. ತಯಾರಾದ ವಾರ ಮತ್ತು ವರ್ಷವೂ ನಾಲ್ಕು ಅಂಕಿಯಲ್ಲಿ ಅಲ್ಲೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬ್ಯಾಟರಿ ಹಿಡಿದು ಅದನ್ನು ಓದಬೇಕು. ಗಟ್ಟಿ ಇದ್ದ ಹಾಗೆ ಕಂಡರೂ ಬಿಸಿಲಲ್ಲಿ ನಿಂತು ನಿಂತು ಬಿರುಕು ಬಿಟ್ಟಿರುತ್ತವೆ. ಸ್ಟೆಪ್ನಿ ಬಹುತೇಕ ಜೊತೆಗೆ ಬರುವುದಿಲ್ಲ, ಕೇಳಿ ಪಡೆಯಬೇಕು.

ಇನ್ನೊಂದು ಶತ್ರು ಉಪ್ಪು. ಚಳಿಗಾಲದಲ್ಲಿ ಮಂಜು ಕರಗಲಿ ಅಂತ ಇಲ್ಲಿನ ರಸ್ತೆಗೆ ರಾಶಿ ರಾಶಿ ಉಪ್ಪು ಸುರಿಯುತ್ತಾರೆ. ಡೆಟ್ರಾಯ್ಟ್ ನಗರದ ಕೆಳಗೇ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿ ಇದೆ, ಬರಗಾಲವೇ ಇಲ್ಲ! ಪೇಂಟ್ ಹೊಡೆದ ಕಬ್ಬಿಣ ಕೆಲವೇ ವರ್ಷಗಳಲ್ಲಿ ಬೆಸುಗೆ ಹಾಕಿದ ಜಾಗಗಳಿಂದ ತುಕ್ಕು ಹಿಡಿಯಲು ಶುರುವಾಗುತ್ತದೆ. ಅಲ್ಯೂಮಿನಿಯಂ ತಗೊಂಡರೂ ಆಕ್ಸಲ್ಲು, ಬೋಲ್ಟು ಕಬ್ಬಿಣದವೇ. ನಾವು ಸತು ಲೇಪ ಮಾಡಿದ ಗ್ಯಾಲ್ವನೈಸ್ಡ್ ಟ್ರೇಲರ್ ತಗೊಂಡೆವು, 13 ಇಂಚಿನ ಚಕ್ರದ್ದು. ನೋಡೋಕೆ ಸಪ್ಪೆ, ಬೂದು ಬಣ್ಣ. ಇರಲಿ. ಬಾಗಿಲಿಗೆ ಮಡಚುವ ಜಾಲರಿ ರ‍್ಯಾಂಪ್. ಖಾಲಿ ಬರುವಾಗ ಅದನ್ನು ಹಲಗೆ ಮೇಲೆ ಮಲಗಿಸಿದರೆ ಗಾಳಿ ತಡೆಯುವುದಿಲ್ಲ, ಪೆಟ್ರೋಲ್ ಉಳಿಯುತ್ತದೆ.

ನಮ್ಮ ಟ್ರೇಲರಿನ ತಗಡಿನ ಮೇಲೆ ಒಟ್ಟು ಭಾರದ ಮಿತಿ 2,990 ಪೌಂಡ್ ಅಂತ ಒತ್ತಿದ್ದಾರೆ. ಈ ವಿಚಿತ್ರ ಅಂಕಿ ಯಾಕೆ ಅಂದರೆ, ಹಲವು ರಾಜ್ಯಗಳಲ್ಲಿ 3,000 ಮುಟ್ಟಿದರೆ ಟ್ರೇಲರ್‌ಗೇ ಬ್ರೇಕ್ ಇರಬೇಕು. ಹತ್ತು ಪೌಂಡ್ ಕಮ್ಮಿ ಬರೆದರೆ ಆ ಖರ್ಚು ತಪ್ಪುತ್ತದೆ. ಮಿಷಿಗನ್‌ನಲ್ಲಿ ಟ್ರೇಲರ್‌ಗೆ ಒಮ್ಮೆ ದುಡ್ಡು ಕಟ್ಟಿದರೆ ನಂಬರ್ ಪ್ಲೇಟ್ ಶಾಶ್ವತ, ವರ್ಷ ವರ್ಷ ನವೀಕರಣದ ಕಾಟ ಇಲ್ಲ.

ಟ್ರೇಲರ್ ಮೇಲೆ ಎಟಿವಿಯನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಎತ್ತಿನಗಾಡಿಗೆ ಹುಲ್ಲು ಹೇರಿದವರಿಗೆ ಹೇಳಿಕೊಡಬೇಕಾಗಿಲ್ಲ. ಹಿಂಭಾರ ಆದರೆ ಮೂಕಿ ಮೇಲೇಳುತ್ತದೆ, ಮುಂಭಾರ ಆದರೆ ಎತ್ತಿನ ಹೆಗಲು ಬೀಳುತ್ತದೆ. ಇಲ್ಲೂ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಕಾರಿನ ಕೊಕ್ಕೆ ಮೇಲೆ ಕೂರಬೇಕು. ನಮ್ಮ 1,500 ಪೌಂಡ್‌ಗೆ 150ರಿಂದ 225. ಕಮ್ಮಿಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಬಾಲ ಅಲ್ಲಾಡಿಸತೊಡಗುತ್ತದೆ, ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಟ್ರೇಲರ್ ಮೂತಿಯನ್ನು ಮರದ ತುಂಡಿನ ಮೇಲಿಟ್ಟು, ಕೆಳಗೆ ಬಾತ್‌ರೂಮಿನ ತೂಕದ ಮೆಷಿನ್ ಇಟ್ಟು ಅಳೆದೆವು. ಎಟಿವಿಯನ್ನು ಗೇಣು ಮುಂದೆ ತಳ್ಳಿದರೆ ಮುಳ್ಳು ಎಷ್ಟು ಏರುತ್ತದೆ ಅಂತ ನೋಡಿ ಆಶ್ಚರ್ಯವಾಯಿತು. ಸರಿಯಾದ ಜಾಗ ಸಿಕ್ಕ ಮೇಲೆ ಹಲಗೆ ಮೇಲೆ ಚಾಕ್‌ಪೀಸ್ ಗೆರೆ ಎಳೆದು, ಆಮೇಲೆ ಪೇಂಟ್ ಹಚ್ಚಿದೆ. ರ‍್ಯಾಚೆಟ್ ಬೆಲ್ಟ್‌ಗಳನ್ನು ಎಟಿವಿಯ ಲಗೇಜ್ ರ‍್ಯಾಕ್‌ಗೆ ಕಟ್ಟಬಾರದು, ಫ್ರೇಮ್‌ಗೇ ಕಟ್ಟಿ, ಶಾಕ್ ಅಬ್ಸಾರ್ಬರ್ ಸ್ವಲ್ಪ ಕೂರುವಷ್ಟು ಬಿಗಿಯಬೇಕು.

ಪೆಟ್ರೋಲಿಗೆ ನಿಂತಾಗೆಲ್ಲ ನಾನು ಮೊದಲು ಟ್ರೇಲರ್ ಚಕ್ರದ ನಡುವಿನ ಹಬ್ ಹತ್ತಿರ ಕೈ ತರುತ್ತೇನೆ. ಬೆಚ್ಚಗಿದ್ದರೆ ಸರಿ. ದೂರದಿಂದಲೇ ಝಳ ಹೊಡೆದರೆ ಮುಂದೆ ಹೋಗುವಂತಿಲ್ಲ.

ನಮ್ಮ ಮನೆಯಲ್ಲಿ ಟ್ರೇಲರ್ ಇದೆ ಅಂತ ಗೊತ್ತಾದ ಮೇಲೆ ಎಟಿವಿಗಿಂತ ಅದೇ ಜಾಸ್ತಿ ಓಡುತ್ತಿದೆ. ಒಬ್ಬರಿಗೆ ಸೋಫಾ, ಒಬ್ಬರಿಗೆ ಹಿತ್ತಲಿಗೆ ಮಣ್ಣು, ರಾಜ್ಯೋತ್ಸವಕ್ಕೆ ವೇದಿಕೆ ಹಲಗೆ. ತೀರ್ಥಹಳ್ಳಿ ಕಡೆಯ ಗೆಳೆಯನಂತೂ "ಮಾರಾಯ, ಬಂದು ಸಿಕ್ಕಿಸ್ಕೊಂಡು ಹೋಗೋದು ತಾನೇ" ಅನ್ನುತ್ತಾನೆ. ಅಷ್ಟು ಸಲೀಸಲ್ಲ. ಟ್ರೇಲರ್ ಸಿಕ್ಕಿಸುವ, ಕಾರಿನ ಹಿಂದಿನ ಕಬ್ಬಿಣದ ಗುಂಡು ಒಂದು ಮುಕ್ಕಾಲಕ್ಕಿಂತ ಚೂರು ದೊಡ್ಡದು, ಎರಡು, ಎರಡೂ ಕಾಲಿಗಿಂತ ಚೂರು ದೊಡ್ಡದು ಅಂತ ಮೂರು ಅಳತೆಯಲ್ಲಿ ಬರುತ್ತದೆ, ಎಲ್ಲ ಇಂಚಿನಲ್ಲಿ. ಎರಡು ಇಂಚಿನ ಟ್ರೇಲರ್ ಮೂತಿ ಚಿಕ್ಕ ಗುಂಡಿನ ಮೇಲೂ ಕೂತುಕೊಳ್ಳುತ್ತದೆ, ಬೀಗವೂ ಬೀಳುತ್ತದೆ. ರಸ್ತೆಯ ಮೊದಲ ಹೊಂಡದಲ್ಲೇ ಎದ್ದು ಬರಬಹುದು. ಹಾಗಾಗಿ ಕೇಳಿಕೊಂಡು ಬಂದವರನ್ನು ಕಾಫಿಗೆ ಕೂರಿಸಿ, ನಾನೇ ಅವರ ಕಾರಿನ ಹಿಂದೆ ಹೋಗಿ ಗುಂಡಿನ ತಲೆ ಮೇಲೆ ಕೊರೆದಿರುವ ಅಂಕಿ ನೋಡಿ ಬರುತ್ತೇನೆ. ಎರಡು ಇಂಚು ಅಲ್ಲದಿದ್ದರೆ ನಮ್ಮದನ್ನೇ ಬಿಚ್ಚಿ ಕೊಡುತ್ತೇನೆ, ಅದು ಅವರ ಗಾಡಿಗೆ ಕೂರುವ ಹಾಗಿದ್ದರೆ ಮಾತ್ರ.