ಮುಳ್ಳು ಕೊನೆಗೂ ಅಲ್ಲಾಡಿತು

ಮಂಗಳೂರಿನ ಗುಜರಿ ಅಂಗಡಿಯೊಂದರಿಂದ ತಂದ ಹಡಗಿನ ಬಾರೋಮೀಟರ್, ಅಂದರೆ ಗಾಳಿಯ ಒತ್ತಡ ಅಳೆಯುವ ಯಂತ್ರ, ಮೂರು ತಿಂಗಳು 1009 ಮಿಲಿಬಾರ್‌ನಲ್ಲೇ (ಒತ್ತಡದ ಅಳತೆ) ಕೂತಿತ್ತು. ಡಯಲಿನಲ್ಲಿ 1943, ಪಕ್ಕದಲ್ಲಿ ಕೋಳಿ ಕಾಲಿನಂಥ ಬಾಣದ ಗುರುತು. ಬ್ರಿಟಿಷ್ ಸರಕಾರದ ಸೊತ್ತು ಅನ್ನುವ ಮುದ್ರೆ ಅದು. ನನ್ನ ಸಂಗ್ರಹದಲ್ಲಿ ಇದು ನಾಲ್ಕನೆಯದು, ಹಠದಲ್ಲಿ ಮಾತ್ರ ಮೊದಲನೆಯದು.

ಹೋದ ವಾರ ಬಿಚ್ಚಿದೆ. ಒಳಗೆ ಗಾಳಿ ತೆಗೆದ ತೆಳು ತಗಡಿನ ಡಬ್ಬಿ ಸರಿಯಾಗಿಯೇ ಇದೆ. ಹೊರಗಿನ ಒತ್ತಡ ಹೆಚ್ಚಾದರೆ ಅದು ಕುಗ್ಗುತ್ತದೆ, ಇಳಿದರೆ ಉಬ್ಬುತ್ತದೆ. ಆ ಚೂರು ಅಲುಗಾಟವನ್ನು ಸನ್ನೆಕೋಲುಗಳು ದೊಡ್ಡದು ಮಾಡಿ, ಇರುವೆಯ ಸೈಕಲ್ಲಿಗೆ ಹಾಕುವಂಥ ಚೈನಿನಿಂದ ಮುಳ್ಳು ತಿರುಗಿಸುತ್ತವೆ. ಯಾರೋ ಪುಣ್ಯಾತ್ಮ ಆ ಚೈನಿಗೆ ಎಣ್ಣೆ ಬಿಟ್ಟಿದ್ದ! ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಸ್ಪಿರಿಟ್ಟು, ಸಣ್ಣ ಬ್ರಷ್ಷು, ಎರಡು ಸಂಜೆ. ಮುಳ್ಳು ಬಿಟ್ಟುಕೊಂಡಿತು.

ಪರೀಕ್ಷೆ ಮಾಡಬೇಕಲ್ವಾ? ಕುಂಬಳೆ ಕಡಲ ತಡಿಯಲ್ಲಿ 1007 ಓದಿ, ಮುಂಡಿನಲ್ಲಿ ಸುತ್ತಿ ಬೈಕಿನಲ್ಲಿ ಪೊಸಡಿ ಗುಂಪೆಗೆ ಹೋದೆ. ಗುಡ್ಡ ಸುಮಾರು 1060 ಅಡಿ. ಮೇಲೆ ಹೋದಷ್ಟು ಒತ್ತಡ ಕಮ್ಮಿ, ಅಂದಾಜು 30 ಅಡಿಗೆ 1 ಮಿಲಿಬಾರ್ ಲೆಕ್ಕದಲ್ಲಿ 35 ಇಳಿಯಬೇಕು. ತುದಿಯಲ್ಲಿ 975 ತೋರಿಸಿತು. ಗಾಜಿಗೆ ಬೆರಳಲ್ಲಿ ಮೆಲ್ಲ ತಟ್ಟಿದೆ, 973. ಅಂದರೆ ಇಳಿದದ್ದು 34, ಒಂದು ಕಮ್ಮಿ. ಹಿಂದಿನ ತಿರುಪು ತಿರುಗಿಸಿದರೆ ಕೆಳಗಿನ ಓದು, ಮೇಲಿನ ಓದು ಎರಡೂ ಒಟ್ಟಿಗೆ ಸರಿಯುತ್ತವೆ, ಈ 1ರ ಕೊರತೆ ಹೋಗುವುದಿಲ್ಲ. ಇರಲಿ, ಎಂಬತ್ತು ದಾಟಿದ ಮುದುಕ.

ಯುದ್ಧಕಾಲದಲ್ಲಿ ಶತ್ರುವಿಗೆ ಜಾಗ ಗೊತ್ತಾಗಬಾರದೆಂದು ಹಡಗುಗಳು ರೇಡಿಯೋದಲ್ಲಿ ಬಾಯಿ ಬಿಡುತ್ತಿರಲಿಲ್ಲ. ಹವಾಮಾನ ವರದಿಗಳೂ ಕಮ್ಮಿಯಾದವು. ಕ್ಯಾಪ್ಟನ್‌ಗೆ ಗೋಡೆಯ ಈ ಮುಳ್ಳೇ ಗತಿ. ಅದು ಜೋರಾಗಿ ಇಳಿದರೆ ಬಿರುಗಾಳಿ ಮಳೆಯ ಸೂಚನೆ. 1944ರ ಡಿಸೆಂಬರ್ 18ರಂದು ಫಿಲಿಪ್ಪೀನ್ಸ್ ಬಳಿ ಟೈಫೂನ್ ಎಂಬ ಚಂಡಮಾರುತಕ್ಕೆ ಸಿಕ್ಕಿ ಅಮೆರಿಕದ ಮೂರು ಡಿಸ್ಟ್ರಾಯರ್ ಯುದ್ಧನೌಕೆಗಳು ಮುಳುಗಿದವು. ಆ ದಿನ ಅಲ್ಲಿನ ಮುಳ್ಳುಗಳು ಎಷ್ಟು ಜೋರಾಗಿ ಬಿದ್ದಿರಬೇಕು!

ಈಗ ಜಗಲಿಯ ಗೋಡೆಗೆ ಹಾಕಿದ್ದೇನೆ. ಮೊನ್ನೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಮೂರು ಮಿಲಿಬಾರ್ ಇಳಿಯಿತು. "ಅಮ್ಮಾ, ಮಳೆ ಬರ್ತದೆ" ಅಂದೆ. ಅವರು ಒಣಗಲಿಕ್ಕೆ ಹಾಕಿದ ಬಟ್ಟೆಯೆಲ್ಲ ಒಳಗೆ ತಂದರು. ಒಂದು ಹನಿಯೂ ಬೀಳಲಿಲ್ಲ. ನಮ್ಮ ಕಡೆ ಒತ್ತಡ ದಿನವೂ ಹತ್ತು ಗಂಟೆಗೆ ಏರುವುದು, ನಾಲ್ಕಕ್ಕೆ ಇಳಿಯುವುದು ಮಾಮೂಲಿ. ರಾತ್ರಿಯೂ ಅದೇ ಆಟ. ಓದಿ ಗೊತ್ತಿತ್ತು, ಖುಷಿಯಲ್ಲಿ ಮರೆತಿದ್ದೆ. ನಿನ್ನೆ ಮುಳ್ಳು ಮತ್ತೆ ಇಳಿಯಿತು. ಅಮ್ಮ ಒಮ್ಮೆ ಮೋಡ ನೋಡಿ, ಬಟ್ಟೆ ಅಲ್ಲೇ ಬಿಟ್ಟರು.