ಆ ಹಳೇ ವರ್ಷನ್ನಿನ ಬಾಲ ನೋಡು

ಹೋದ ವಾರ ಕಾಲೇಜಿನ ಗೆಳೆಯ ಒಬ್ಬ ಫೋನ್ ಮಾಡಿದ್ದ. ಅವರ ಆಫೀಸಿನ ಸರ್ವರಲ್ಲಿ ಡೆಬಿಯನ್ 12 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಒಂದು ಬಗೆ) ಇದೆ, ಅದ್ರಲ್ಲಿ ಡೆಬಿಯನ್ ಪರವಾಗಿ ನಾನು ನೋಡ್ಕೊಳ್ಳೋ ಪ್ಯಾಕೇಜೂ ಇದೆ, ಟೆಕ್ಸ್ಟ್ ಫೈಲ್‌ಗಳ ಎನ್‌ಕೋಡಿಂಗ್ ಬದಲಾಯಿಸೋ ಒಂದು ಪುಟ್ಟ ಟೂಲು. "ಲೋ, ಅದನ್ನ ಬರ್ದವರು ಆಗ್ಲೇ ಮೂರು ಹೊಸ ರಿಲೀಸ್ ಮಾಡಿದಾರೆ, ನೀವಿನ್ನೂ ಹಳೇದನ್ನೇ ಇಟ್ಕೊಂಡು ಕೂತಿದೀರಲ್ಲೋ, ಏನ್ ಮಾಡ್ತಿರ್ತೀರಿ ಅಲ್ಲಿ?" ಅಂತ ಕೇಳ್ದ. ಕಾಲೆಳೆಯೋಕೆ ಕೇಳಿದ್ದಲ್ಲ, ಅವನಿಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಫೋನಲ್ಲಿ ಅರ್ಧಂಬರ್ಧ ಹೇಳ್ದೆ, ಪೂರ್ತಿ ಇಲ್ಲಿ ಬರೀತಿದೀನಿ.

ಡೆಬಿಯನ್ ಶುರುವಾಗಿದ್ದು 1993ರ ಆಗಸ್ಟಲ್ಲಿ. ಇಯಾನ್ ಮರ್ಡಾಕ್ ತನ್ನ ಹೆಸರಿಗೆ ಗೆಳತಿ ಡೆಬ್ರಾ ಹೆಸರು ಸೇರಿಸಿ ಇಟ್ಟ ಹೆಸರು ಅದು. ಈಗಿನ ರಿಲೀಸು ಟ್ರಿಕ್ಸಿ, ಅಂದ್ರೆ 13, 2025ರ ಆಗಸ್ಟಲ್ಲಿ ಬಂತು, ಹತ್ರ ಹತ್ರ 70 ಸಾವಿರ ಪ್ಯಾಕೇಜು ಇದೆ ಅದ್ರಲ್ಲಿ. ಇಷ್ಟರಲ್ಲಿ ಹೆಚ್ಚಿನದು ನಾವು ಬರ್ದಿರೋ ಪ್ರೋಗ್ರಾಮಲ್ಲ. ಎಲ್ಲೆಲ್ಲೋ ಇರೋರು ಬರ್ದಿದ್ದನ್ನ ತಂದು, ಲೈಸೆನ್ಸ್ ಓದಿ, ಬಿಲ್ಡ್ ಮಾಡಿ, ಉಳಿದಿದ್ದರ ಜೊತೆ ಜಗಳ ಆಡದ ಹಾಗೆ ಕೂರಿಸೋದು ನಮ್ಮ ಕೆಲಸ. ಮೊದಲು ಸಿಡ್‌ಗೆ, ಅಂದ್ರೆ ಹೊಸದೆಲ್ಲ ಮೊದಲು ಬಂದು ಬೀಳೋ ಕಡೆಗೆ ಹೋಗತ್ತೆ, ಅಲ್ಲಿ ಕೆಲವು ದಿನ ದೊಡ್ಡ ಬಗ್ ಏನೂ ಬರ್ಲಿಲ್ಲ ಅಂದ್ರೆ ಟೆಸ್ಟಿಂಗಿಗೆ ಇಳಿಯತ್ತೆ, ಆಮೇಲೆ ಫ್ರೀಜ್ (ಹೊಸದು ಸೇರಿಸೋದು ನಿಲ್ಲಿಸಿ ಬಗ್ ಮಾತ್ರ ಸರಿ ಮಾಡೋ ಸಮಯ), ಆಮೇಲೆ ಸ್ಟೇಬಲ್, ಅಂದ್ರೆ ಜನ ಬಳಸೋ ರಿಲೀಸು. ಸ್ಟೇಬಲ್ ಆದ್ಮೇಲೆ ವರ್ಷನ್ ಬದಲಾಗಲ್ಲ. ಸುಮಾರು ಐದು ವರ್ಷ ಅದನ್ನ ಕಾಯ್ಬೇಕು, ಮೊದಲ ಮೂರು ಸೆಕ್ಯುರಿಟಿ ಟೀಮು, ಆಮೇಲಿನ ಎರಡು ಎಲ್‌ಟಿಎಸ್ (ದೀರ್ಘಕಾಲದ ಬೆಂಬಲ) ಟೀಮು.

ನನ್ನ ಗೆಳೆಯನಿಗೆ ಕಾಣದೇ ಇದ್ದಿದ್ದು ಈ ಕಾಯೋ ಕೆಲಸಾನೇ. ಹಳೇ ವರ್ಷನ್ ಅಂದ್ರೆ ಬಿಟ್ಟು ಹೋಗಿರೋದು ಅಂತಲ್ಲ. ಹೊಸ ವರ್ಷನಲ್ಲಿ ಒಂದು ಬಗ್ ಸರಿ ಮಾಡಿದ್ರೆ, ಆ ಸರಿ ಮಾಡಿರೋ ಭಾಗ ಮಾತ್ರ ಬಿಡಿಸ್ಕೊಂಡು ಹಳೇ ಕೋಡಿಗೆ ಹಾಕ್ಬೇಕು, ಬೇರೆ ಏನೂ ಅಲುಗಾಡಬಾರದು.

ಉದಾಹರಣೆಗೆ ಹೋದ ತಿಂಗಳದ್ದೇ ಹೇಳ್ತೀನಿ. ಕೆಟ್ಟು ಹೋಗಿರೋ ಒಂದು ಫೈಲ್ ಕೊಟ್ರೆ ಈ ಟೂಲು ತನ್ನ ಮೆಮೊರಿ ಬಿಟ್ಟು ಆಚೆ ಓದ್ತಿತ್ತು. ಅಪ್‌ಸ್ಟ್ರೀಮಲ್ಲಿ, ಅಂದ್ರೆ ಮೂಲ ಕೋಡ್ ಬರ್ದವರ ಕಡೆ ಸರಿ ಮಾಡಿದಾರೆ, ಬರೀ ನಾಲ್ಕು ಲೈನು. ಆದ್ರೆ ಮಧ್ಯದಲ್ಲಿ ಅವರು ಆ ಫಂಕ್ಷನ್ನೇ ಬೇರೆ ಫೈಲಿಗೆ ಒಯ್ದು ಹೆಸರೂ ಬದಲಾಯಿಸಿದ್ರು. ಪ್ಯಾಚ್ (ಆ ಬದಲಾವಣೆ ಇರೋ ಫೈಲು) ಹಾಕಿದ್ರೆ ಹಂಕ್ ಫೇಲ್ಡ್ ಅಂತ ಬಂತು, ಅಂದ್ರೆ ಹಾಕೋ ಜಾಗ ಸಿಗ್ಲಿಲ್ಲ ಅಂತ. ರಾತ್ರಿ ಊಟ ಆದ್ಮೇಲೆ ಕೂತು ಎರಡೂ ಕೋಡು ಅಕ್ಕಪಕ್ಕ ಇಟ್ಕೊಂಡು ಓದಿ, ಇಲ್ಲಿ ಹಾಕಿದ್ರೆ ಸರಿ ಅನ್ಸಿದ ಕಡೆ ಆ ನಾಲ್ಕು ಲೈನು ಹಾಕ್ದೆ. ಬಿಲ್ಡ್ ಆಯ್ತು, ಕೆಟ್ಟ ಫೈಲ್ ಕೊಟ್ಟೆ, ಕ್ರ್ಯಾಶ್ ಆಗ್ಲಿಲ್ಲ.

ಅಲ್ಲಿಗೆ ಮುಗೀತು ಅನ್ಸತ್ತೆ ಅಲ್ವಾ. ನಮ್ಮಲ್ಲಿ ಪ್ರತಿ ಪ್ಯಾಚಿನ ಮೇಲ್ಗಡೆ ಅದು ಎಲ್ಲಿಂದ ಬಂತು, ಯಾವ ಬಗ್ಗಿಗೆ ಅಂತೆಲ್ಲ ಬರೀತೀವಿ, ಅದ್ರಲ್ಲಿ ಫಾರ್ವರ್ಡೆಡ್ ಅಂತ ಒಂದು ಜಾಗ ಇರತ್ತೆ, ಮೂಲ ಕೋಡ್ ಬರ್ದವರಿಗೆ ಇದನ್ನ ತೋರಿಸಿದೀರಾ ಅಂತ. ಅಲ್ಲಿ ನೋ ಅಂತ ಬರ್ಯೋಕೆ ನನ್ನ ಕೈ ಬರಲ್ಲ, ಯಾಕಂದ್ರೆ 2008 ನೆನಪಾಗತ್ತೆ.

2006ರಲ್ಲಿ ಡೆಬಿಯನ್ನಿನ ಓಪನ್‌ಎಸ್‌ಎಸ್‌ಎಲ್ (ಮಾಹಿತಿಗೆ ಬೀಗ ಹಾಕೋ ಗುಪ್ತ ಕೀಗಳನ್ನ ಮಾಡೋ ಲೈಬ್ರರಿ) ಪ್ಯಾಕೇಜಲ್ಲಿ ಎರಡು ಲೈನು ಕಾಮೆಂಟ್ ಮಾಡಿ ತೆಗೆದ್ರು. ವ್ಯಾಲ್‌ಗ್ರೈಂಡ್ ಅನ್ನೋ ಟೂಲು ಆ ಲೈನುಗಳನ್ನ ನೋಡಿ, ಏನೂ ತುಂಬದೇ ಇರೋ ಮೆಮೊರಿ ಬಳಸ್ತಿದೀರಾ ಅಂತ ವಾರ್ನಿಂಗ್ ಕೊಡ್ತಿತ್ತು. ಆ ಪ್ಯಾಕೇಜ್ ನೋಡ್ಕೊಳ್ತಿದ್ದ ಮೇಂಟೇನರ್ ಅಪ್‌ಸ್ಟ್ರೀಮಿನ ಮೇಲಿಂಗ್ ಲಿಸ್ಟಲ್ಲಿ ಕೇಳಿಯೂ ಇದ್ರು. ಆದ್ರೆ ಇಡೀ ಪ್ಯಾಚನ್ನ ಆ ಕೋಡು ಚೆನ್ನಾಗಿ ಗೊತ್ತಿರೋರು ಕೂತು ಪರೀಕ್ಷೆ ಮಾಡ್ಲಿಲ್ಲ. ಆ ಎರಡರಲ್ಲಿ ಒಂದು ಲೈನು, ರ್‍ಯಾಂಡಮ್ ನಂಬರಿಗೆ ಬೇಕಾದ ಸರಕೆಲ್ಲ ಒಳಗೆ ಹೋಗ್ತಿದ್ದ ಬಾಗಿಲು. ಅದು ಮುಚ್ಚಿದ್ಮೇಲೆ ಉಳಿದಿದ್ದು ಪ್ರೋಸೆಸ್ ನಂಬರ್ (ಓಡ್ತಿರೋ ಪ್ರತಿ ಪ್ರೋಗ್ರಾಮಿಗೆ ಸಿಸ್ಟಮ್ ಕೊಡೋ ನಂಬರು) ಮಾತ್ರ, ಅಂದ್ರೆ ಒಂದೊಂದು ಥರದ ಮೆಷೀನಿಗೆ, ಒಂದೊಂದು ಸೈಜಿನ ಕೀಗೆ ಸುಮಾರು 32 ಸಾವಿರ ಸಾಧ್ಯತೆ ಅಷ್ಟೇ. ಒಂದೊಂದಾಗಿ ಹಾಕಿ ನೋಡಿದ್ರೂ ಬೀಗ ತೆಗೀಬಹುದು. 2008ರ ಮೇ 13ಕ್ಕೆ ಹೊರಗೆ ಬಂತು, ಉಬುಂಟು ಸಮೇತ ಡೆಬಿಯನ್ನಿಂದ ಆ ಪ್ಯಾಕೇಜ್ ತಗೊಂಡವರೆಲ್ಲ ಕೀಗಳನ್ನ ಹೊಸದಾಗಿ ಮಾಡ್ಕೋಬೇಕಾಯ್ತು. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಇನ್ನೊಬ್ಬರ ಕೋಡಲ್ಲಿ ಒಂದು ಲೈನು ಯಾಕಿದೆ ಅಂತ ಪೂರ್ತಿ ಗೊತ್ತಾಗದೇ ಮುಟ್ಟಿದ್ದು.

ಹಾಗಂತ ಅಪ್‌ಸ್ಟ್ರೀಮಿಂದ ಬಂದಿದ್ದನ್ನ ಕಣ್ಣು ಮುಚ್ಕೊಂಡು ತಗೊಂಡ್ರೂ ಆಗಲ್ಲ. 2024ರ ಎಕ್ಸ್‌ಜೆಡ್ (ಫೈಲ್ ಕುಗ್ಗಿಸೋ ಟೂಲು) ವಿಷಯ ಇದ್ಯಲ್ಲ, ಅಲ್ಲಿ 5.6.0, 5.6.1 ಎರಡರಲ್ಲೂ ಹಿಂಬಾಗಿಲು ಇಟ್ಟಿದ್ದೇ ಅಪ್‌ಸ್ಟ್ರೀಮಿನ ಒಳಗಿಂದ. ಆಂಡ್ರೆಸ್ ಫ್ರಾಯಿಂಡ್ ಅನ್ನೋರು ಡೆಬಿಯನ್ ಸಿಡ್ ಮೇಲೆ ಬೇರೆ ಏನೋ ಟೆಸ್ಟ್ ಮಾಡ್ತಿದ್ದಾಗ ಎಸ್‌ಎಸ್‌ಎಚ್ (ದೂರದ ಮೆಷೀನಿಗೆ ಸುರಕ್ಷಿತವಾಗಿ ಸೇರೋಕೆ ಬಳಸೋ ಪ್ರೋಗ್ರಾಮು) ಲಾಗಿನ್ನಿಗೆ ಅರ್ಧ ಸೆಕೆಂಡ್ ಜಾಸ್ತಿ ಹಿಡೀತಿದೆ ಅಂತ ಗಮನಿಸಿ, ಬಿಡದೇ ಹಿಡ್ಕೊಂಡು ಹೋಗಿ ಪತ್ತೆ ಮಾಡಿದ್ರು. ಆ ಹಿಂಬಾಗಿಲು ಸಿಡ್‌ಗೂ ಟೆಸ್ಟಿಂಗಿಗೂ ಬಂದಿತ್ತು, ಸ್ಟೇಬಲ್ಲಿಗೆ ಬಂದಿರ್ಲಿಲ್ಲ. ಹಳೇ ವರ್ಷನ್ ಯಾಕೆ ಅಂತ ಕೇಳೋರಿಗೆ ನಾನು ಮೊದಲು ಹೇಳೋದು ಇದನ್ನೇ. ಆದ್ರೆ ಇನ್ನೊಂದನ್ನೂ ಹೇಳ್ಲೇಬೇಕು, ಎಸ್‌ಎಸ್‌ಎಚ್‌ಗೂ ಎಕ್ಸ್‌ಜೆಡ್‌ಗೂ ನೇರ ಸಂಬಂಧಾನೇ ಇಲ್ಲ, ಸಿಸ್ಟಮ್‌ಡಿ (ಸರ್ವೀಸ್‌ಗಳನ್ನ ಶುರು ಮಾಡಿ ನೋಡ್ಕೊಳ್ಳೋ ಪ್ರೋಗ್ರಾಮು) ಜೊತೆ ಮಾತಾಡ್ಲಿ ಅಂತ ಡೆಬಿಯನ್ ಥರದ ಡಿಸ್ಟ್ರೋದವರೇ ಹಾಕಿದ ಪ್ಯಾಚಿಂದ ಅವೆರಡು ಸೇರ್ಕೊಂಡಿದ್ದು. ಅಲ್ಲೂ ನಮ್ಮ ಕೈ ಇತ್ತು.

ಅದಕ್ಕೇ ನನ್ನ ನಾಲ್ಕು ಲೈನಿನ ಪ್ಯಾಚನ್ನ ಆ ಟೂಲ್ ಬರ್ದವರಿಗೆ ಕಳಿಸ್ದೆ, ಹಳೇ ಕೋಡಲ್ಲಿ ಇಲ್ಲಿ ಹಾಕಿದೀನಿ, ಸರಿನಾ ನೋಡಿ ಅಂತ. ಮೂರು ದಿನ ಬಿಟ್ಟು ಉತ್ತರ ಬಂತು. ಹಾಕಿರೋ ಜಾಗ ಸರಿ ಇದೆ, ಆದ್ರೆ ಹಳೇ ವರ್ಷನಲ್ಲಿ ಅದೇ ಬಫರನ್ನ (ಡೇಟಾ ಇಟ್ಕೊಳ್ಳೋ ಮೆಮೊರಿ ಜಾಗ) ಇನ್ನೊಂದು ಕಡೆಯಿಂದಾನೂ ಓದ್ತಾರೆ, ಹೊಸದ್ರಲ್ಲಿ ಆ ದಾರಿನೇ ತೆಗೆದು ಹಾಕಿದೀವಿ, ನಿಮ್ಮಲ್ಲಿ ಅಲ್ಲೂ ಚೆಕ್ ಬೇಕು ಅಂತ. ನೋಡಿದ್ರೆ ಹೌದು! ನನ್ನ ಟೆಸ್ಟ್ ಫೈಲು ಆ ದಾರೀಲಿ ಹೋಗ್ತಾನೇ ಇರ್ಲಿಲ್ಲ. ಅವರೇ ಇನ್ನೊಂದು ಕೆಟ್ಟ ಫೈಲ್ ಕಳಿಸಿದ್ರು, ಅದನ್ನ ಕೊಟ್ಟ ತಕ್ಷಣ ನಾನು ಸರಿ ಮಾಡಿದೀನಿ ಅಂದ್ಕೊಂಡಿದ್ದ ಪ್ಯಾಕೇಜು ಕ್ರ್ಯಾಶ್ ಆಯ್ತು.

ಇನ್ನೊಂದು ಚೆಕ್ ಸೇರಿಸಿ, ಕ್ಲೀನ್ ಕ್ರೂಟಲ್ಲಿ (ಬೇರೆ ಏನೂ ಬೆರೆಯದ ಪ್ರತ್ಯೇಕ ಜಾಗ) ಮತ್ತೆ ಬಿಲ್ಡ್ ಮಾಡಿ, ಚೇಂಜ್‌ಲಾಗ್ ಬರ್ದೆ (ಅದರ ಕೊನೇ ಸಾಲಲ್ಲಿ ಇಮೇಲಿಗೂ ತಾರೀಖಿಗೂ ಮಧ್ಯ ಸರಿಯಾಗಿ ಎರಡು ಸ್ಪೇಸ್ ಇರ್ಬೇಕು, ಒಂದೇ ಇದ್ರೆ ಟೂಲು ಒಪ್ಪಲ್ಲ, ಹೊಸಬರು ಎಡವೋದು ಅಲ್ಲೇ). ಹಳೇದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಅಂತ ಡೆಬ್‌ಡಿಫ್ ತೆಗೆದು ರಿಲೀಸ್ ಟೀಮಿಗೆ ಬಗ್ ರಿಪೋರ್ಟ್ ರೂಪದಲ್ಲಿ ಮನವಿ ಹಾಕ್ದೆ. ಅವರು ಒಂದೊಂದು ಲೈನೂ ಓದ್ತಾರೆ, ಸಂಬಳ ಇಲ್ದೇ, ತಮ್ಮ ಕೆಲಸ ಮುಗಿಸ್ಕೊಂಡು ಬಂದು. ಮೊನ್ನೆ ಅಪ್‌ಲೋಡ್ ಮಾಡಿ ಅಂತ ಒಪ್ಪಿಗೆ ಬಂತು, ಮುಂದಿನ ಪಾಯಿಂಟ್ ರಿಲೀಸಲ್ಲಿ (ಸರಿ ಮಾಡಿದ್ದನ್ನೆಲ್ಲ ಸೇರಿಸಿ ಆಗಾಗ ಬಿಡೋ ಕಂತು) ಹೋಗತ್ತೆ.

ಗೆಳೆಯನಿಗೆ ಮೆಸೇಜ್ ಹಾಕಿದೀನಿ. ಅಪ್‌ಡೇಟ್ ಬಂದಾಗ ವರ್ಷನ್ನಿನ ಮೊದಲಲ್ಲಿರೋ ನಂಬರ್ ನೋಡ್ಬೇಡ, ಅದು ಹಾಗೇ ಇರತ್ತೆ. ಬಾಲ ನೋಡು, ಈಗ ಡೆಬ್12ಯು1 ಅಂತಿದೆ, ಡೆಬ್12ಯು2 ಆಗಿರತ್ತೆ.