ಕೈರೋದಲ್ಲಿ ಒಂದೇ ಹಗಲು: ಪಿರಮಿಡ್ ಬಿಟ್ಟು ಹಳೆಯ ಕೈರೋಗೆ ಏಕೆ ಹೋದೆವು?

"ಈಜಿಪ್ಟಿನವರೆಗೆ ಹೋಗಿ ಪಿರಮಿಡ್ ನೋಡದೆ ಬಂದಿರಾ ಮಾರಾಯ್ರೆ?" ಎಂದು ಮಂಗಳೂರಿನಲ್ಲಿ ಪರಿಚಿತರೆಲ್ಲ ನನ್ನನ್ನು ಕೇಳುತ್ತಾರೆ. ಗೆಳೆಯರೊಂದಿಗೆ ಕೈರೋ ಸುತ್ತಲು ನಮಗಿದ್ದದ್ದು ಒಂದೇ ಹಗಲು. ನೈಲ್ ನದಿಯ ಆಚೆ ದಡದ ಗೀಝಾಕ್ಕೋ, ಈಚೆ ದಡದ ಹಳೆಯ ಕೈರೋಗೋ ಎಂಬ ಚರ್ಚೆ ಬಂದಾಗ ಎರಡನೆಯದಕ್ಕೆ ಹಠ ಹಿಡಿದವನು ನಾನು. ಸುಮಾರು ಒಂಬೈನೂರು ವರ್ಷಗಳ ಹಿಂದಿನ ಮಂಗಳೂರಿನ ವ್ಯಾಪಾರ ಮತ್ತು ಮನೆವಾರ್ತೆ ಕಾಗದದ ಮೇಲೆ ಉಳಿದುಬಂದದ್ದು ಅಲ್ಲಿನ ಬೆನ್ ಎಜ್ರಾ ಎಂಬ ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ ಎಂಬುದೇ ಅದಕ್ಕೆ ಕಾರಣ.

ಟ್ಯುನೀಸಿಯಾದ ಮಹ್ದಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ, ಆಳುಪರು ತುಳುನಾಡನ್ನು ಆಳುತ್ತಿದ್ದ ಕಾಲದಲ್ಲಿ, 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. ಇಲ್ಲಿಂದ ಕರಿಮೆಣಸು, ಅಡಿಕೆ, ಕಬ್ಬಿಣವನ್ನು ಯೆಮೆನ್‌ನ ಬಂದರು ಏಡನ್‌ಗೆ ಕಳುಹಿಸುತ್ತಿದ್ದ ಅವನು ಲೋಹದ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಏಡನ್‌ನ ವರ್ತಕರು ತಮ್ಮ ಹಳೆಯ ಪಾತ್ರೆಗಳನ್ನು ಹಡಗಿನಲ್ಲಿ ಕಳುಹಿಸಿ, ಅಳತೆ ಬರೆದು ತಿಳಿಸಿ, ಮಂಗಳೂರಿನಲ್ಲಿ ಹೊಸದಾಗಿ ಎರಕ ಹೊಯ್ಯಿಸಿಕೊಳ್ಳುತ್ತಿದ್ದರು. ಆಶು ಎಂಬ ದಾಸಿಯನ್ನು ಅವನು ಇದೇ ಊರಿನಲ್ಲಿ ಬಿಡುಗಡೆಗೊಳಿಸಿದ ಪತ್ರ ಉಳಿದಿದೆ. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಆಳಿನ ಹೆಸರನ್ನು ವಿದ್ವಾಂಸರು ಬೊಮ್ಮ ಎಂದು ಓದಿದ್ದಾರೆ. ಏಡನ್‌ನಿಂದ ಬಂದ ಪತ್ರಗಳಲ್ಲಿ ಬೊಮ್ಮನಿಗೂ ಕ್ಷೇಮಸಮಾಚಾರ, ವಂದನೆಗಳಿವೆ. ಶಾಸನಗಳಲ್ಲಿ ಅರಸರ, ದಾನಿಗಳ ಹೆಸರನ್ನಷ್ಟೇ ಓದಿ ಬೆಳೆದ ನನಗೆ, ಒಬ್ಬ ಆಳಿನ ಕ್ಷೇಮ ವಿಚಾರಿಸಿದ ಈ ಸಾಲುಗಳು ಯಾವ ಪಿರಮಿಡ್‌ಗಿಂತಲೂ ದೊಡ್ಡವೆನಿಸಿದವು.

ದೇವರ ಹೆಸರಿರುವ ಬರಹವನ್ನು ನಾಶ ಮಾಡಬಾರದೆಂಬ ನಂಬಿಕೆಯಿಂದ ಯೆಹೂದಿಗಳು ಹಳೆಯ ಕಾಗದಗಳನ್ನು ಗೆನೀಜಾ ಎಂಬ ಕೋಣೆಯಲ್ಲಿ ಹಾಕಿಡುತ್ತಾರೆ. ಬೆನ್ ಎಜ್ರಾದಲ್ಲಿ ಲೆಕ್ಕಪತ್ರ, ಕರಾರು, ಖಾಸಗಿ ಪತ್ರಗಳೂ ಹಾಗೆ ಸೇರಿಹೋದವು. ಒಣ ಹವೆ ಅವುಗಳನ್ನು ಕಾಪಾಡಿತು. ನಮ್ಮ ಕರಾವಳಿಯ ಮಳೆಗೂ ಗೆದ್ದಲಿಗೂ ಸಿಕ್ಕಿದ್ದರೆ ಒಂದು ಚೂರೂ ಉಳಿಯುತ್ತಿರಲಿಲ್ಲ. 1896ರ ಕೊನೆಗೆ ಕೈರೋಗೆ ಹೋದ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಅವುಗಳಲ್ಲಿ ಬಹುಪಾಲನ್ನು ಕೇಂಬ್ರಿಡ್ಜ್‌ಗೆ ಒಯ್ದುದರಿಂದ, ಇಂದು ಮಂದಿರದಲ್ಲಿ ಆ ಪತ್ರಗಳನ್ನು ಹುಡುಕಬೇಕಾಗಿಲ್ಲ. ಈಗಿನ ಕಟ್ಟಡವೂ 1890ರ ದಶಕದಲ್ಲಿ ಮರಳಿ ಕಟ್ಟಿದ್ದು. ಆದರೂ ಅಮೃತಶಿಲೆಯ ಕಂಬಗಳ ಸಾಲಿನ ನಡುವೆ ನಿಂತು ನಾನು ಈ ಕಥೆ ಹೇಳುತ್ತಿದ್ದಾಗ, ಮಂಗಳೂರಿನ ಬಂದರಿನಲ್ಲಿ ಅಡಿಕೆ ವ್ಯಾಪಾರದ ಮನೆತನದಿಂದ ಬಂದ ಗೆಳೆಯ, "ಹಾಗಾದರೆ ನಮ್ಮ ಅಜ್ಜಂದಿರಿಗಿಂತ ಮೊದಲೇ ಇವರು ಮಂಗಳೂರಿನಿಂದ ಅಡಿಕೆ ತರಿಸಿದ್ದಾರೆ" ಎಂದು ಬೆರಗಾಗಿ ಮತ್ತೆ ಮತ್ತೆ ಕೇಳಿ ತಿಳಿದುಕೊಂಡ.

ಅಲ್ಲಿಂದ ಕೆಲವೇ ಹೆಜ್ಜೆಗಳಲ್ಲಿ, ರೋಮನ್ನರ ಬ್ಯಾಬಿಲೋನ್ ಕೋಟೆಯ ದ್ವಾರದ ಮೇಲೆ ಕಟ್ಟಿದ ತೂಗು ಚರ್ಚ್ ಇದೆ. ನೆಲದ ಒಂದು ಕಡೆ ಕೂರಿಸಿದ ಗಾಜಿನ ಮೂಲಕ ಇಣುಕಿದರೆ ಚರ್ಚ್ ನಿಜಕ್ಕೂ ಹಳೆಯ ಗೋಡೆಗಳ ಮೇಲೆ ನಿಂತಿರುವುದು ಕಣ್ಣಿಗೇ ಕಾಣುತ್ತದೆ. ಆಫ್ರಿಕಾದ ಮೊದಲ ಮಸೀದಿಯೆಂದು ಹೆಸರಾದ ಅಮ್ರ್ ಮಸೀದಿಯೂ ಹತ್ತಿರದಲ್ಲೇ ಇದೆ. ಹಲವು ಬಾರಿ ಮರಳಿ ಕಟ್ಟಿದ್ದರಿಂದ 7ನೆಯ ಶತಮಾನದ ಗುರುತು ಈಗ ಸಿಗದು. ಹಳೆಯದನ್ನು ಹಳೆಯ ರೂಪದಲ್ಲೇ ಕಾಣಬೇಕಾದರೆ 879ರಲ್ಲಿ ಪೂರ್ಣಗೊಂಡ ಇಬ್ನ್ ತುಲೂನ್ ಮಸೀದಿಗೆ ಹೋಗಬೇಕು. ಕೈರೋ ಎಂಬ ನಗರ ಹುಟ್ಟಿದ್ದೇ 969ರಲ್ಲಿ. ಅದಕ್ಕೂ ಮೊದಲಿನ ಆ ವಿಶಾಲ ಅಂಗಳವನ್ನೂ ಹೊರಗಿನಿಂದ ಸುತ್ತಿ ಏರುವ ಮೆಟ್ಟಿಲುಗಳ ಮಿನಾರನ್ನೂ ನೋಡುತ್ತ ನಾವು ಊಟದ ಹೊತ್ತನ್ನೇ ಮೀರಿಸಿದೆವು.

ಕೈಯಲ್ಲಿ ಒಂದೇ ಹಗಲಿರುವ ಕರಾವಳಿಯವರಿಗೆ ನಾನು ಹೇಳುವುದು ಇಷ್ಟು: ಬೆಳಿಗ್ಗೆ ಬೇಗನೆ ಮೆಟ್ರೋದಲ್ಲಿ ಮಾರ್ ಗಿರ್ಗಿಸ್ ನಿಲ್ದಾಣಕ್ಕೆ ಹೋಗಿ ಇಳಿದರೆ ಈ ಮಂದಿರ, ಚರ್ಚ್ ಎರಡೂ ನಡೆದೇ ತಲುಪುವಷ್ಟು ಹತ್ತಿರ. ಸಂಜೆ ಸಮಯ ಉಳಿದರೆ ಖಾನ್ ಅಲ್ ಖಲೀಲಿ ಬಜಾರಿಗೆ ಹೋಗಬಹುದು. ಉಳಿಯದಿದ್ದರೆ ಬಜಾರನ್ನು ಬಿಡಿ, ಬೆನ್ ಎಜ್ರಾವನ್ನು ಬಿಡಬೇಡಿ.